ನೀರು ತಿಳಿಯಾದರೆ ಸಾಲದು, ಟ್ಯಾಂಕ್ ಪಳಗಬೇಕು

ಇತ್ತೀಚೆಗೆ ಇನ್‌ಸ್ಟಾಗ್ರಾಂ ತೆರೆದರೆ ಸಾಕು, ನೀಲಿ ಬೆಳಕಿನ ಗಾಜಿನ ಪೆಟ್ಟಿಗೆಯಲ್ಲಿ ಕಿತ್ತಳೆ-ಬಿಳಿ ಪಟ್ಟೆಯ ಕ್ಲೌನ್‌ಫಿಶ್ ಓಡಾಡುವ ರೀಲ್ಸ್ ಒಂದಾದರೂ ಎದುರಾಗುತ್ತದೆ. ನಿನ್ನೆ ಮೊನ್ನೆಯವರೆಗೆ ಗಪ್ಪಿ, ಗೋಲ್ಡ್‌ಫಿಶ್ ಸಾಕಿಕೊಂಡಿದ್ದ ಹುಡುಗ ಹುಡುಗಿಯರೆಲ್ಲ ಈಗ ‘ಮರೈನ್ ಟ್ಯಾಂಕ್’ ಅಂತ ಮಾತಾಡತೊಡಗಿದ್ದಾರೆ. ಮೊದಲ ಸಂಬಳದಲ್ಲಿ ಬೈಕಿನ ಡೌನ್‌ಪೇಮೆಂಟ್ ಕಟ್ಟುವ ಬದಲು ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ನನ್ನ ಬಳಗದಲ್ಲೇ ಇದ್ದಾರೆ. ನನಗೂ ಅದೇ ಹುಚ್ಚು. ಹಾಗಾಗಿ ಹೊಸಬರು ಆಗಾಗ ಫೋನ್ ಮಾಡುತ್ತಾರೆ. ಅವರೆಲ್ಲರ ಮೊದಲ ಪ್ರಶ್ನೆ ಒಂದೇ: ‘ಮಗಾ, ಮೀನು ಯಾವಾಗ ಬಿಡಬಹುದು?’

ಈ ಪ್ರಶ್ನೆಗೆ ನಾಲ್ಕು ಜನ ನಾಲ್ಕು ಉತ್ತರ ಕೊಡುತ್ತಾರೆ. ‘ನಾಳೆಯೇ ಬಿಡಿ ಸಾರ್, ಏನೂ ಆಗಲ್ಲ’ ಎನ್ನುವುದು ಟ್ಯಾಂಕ್ ಮಾರಿದವರ ಉತ್ತರ. ‘ಒಂದು ವಾರ ನೀರು ಓಡಲಿ’ ಎನ್ನುವುದು ಪಕ್ಕದ ಬೀದಿಯ ಅನುಭವಸ್ಥರ ಉತ್ತರ. ‘ನೀರು ತಿಳಿಯಾದರೆ ಮುಗೀತು’ ಎನ್ನುತ್ತಾನೆ ಗೆಳೆಯ. ‘ಈ ಬಾಟಲಿ ಸುರಿದರೆ ಅರ್ಧ ಗಂಟೆ ಸಾಕು’ ಎನ್ನುತ್ತದೆ ವಿಡಿಯೊ. ನನ್ನ ಅಭಿಪ್ರಾಯದಲ್ಲಿ ಈ ನಾಲ್ಕೂ ತಪ್ಪು. ಮೀನು ಬಿಡುವ ದಿನವನ್ನು ಅಂಗಡಿಯವರಾಗಲಿ, ಕ್ಯಾಲೆಂಡರ್ ಆಗಲಿ, ನಮ್ಮ ಕಣ್ಣಾಗಲಿ ನಿರ್ಧರಿಸುವಂತಿಲ್ಲ. ಅದನ್ನು ನಿರ್ಧರಿಸಬೇಕಾದದ್ದು ನೀರಿನ ಪರೀಕ್ಷೆ. ಆ ಪರೀಕ್ಷೆ ಪಾಸಾಗುವವರೆಗೆ ಟ್ಯಾಂಕಿಗೆ ಒಂದೇ ಒಂದು ಮೀನೂ ಹೋಗಬಾರದು. ಇದು ಮಡಿವಂತಿಕೆಯಲ್ಲ. ಒಂದು ಜೀವದ ಪ್ರಶ್ನೆ.

ಚರಂಡಿ ಇಲ್ಲದ ಮನೆಗೆ ಗೃಹಪ್ರವೇಶ

ಹೊಸ ಮನೆ ಕಟ್ಟಿದ್ದೀರಿ ಅಂದುಕೊಳ್ಳಿ. ಗೋಡೆಗೆ ಬಣ್ಣ ಆಗಿದೆ, ಟೈಲ್ಸ್ ಮಿಂಚುತ್ತಿದೆ, ಲೈಟ್ ಉರಿಯುತ್ತಿದೆ. ಆದರೆ ಬಚ್ಚಲು, ಶೌಚಾಲಯದ ನೀರು ಹೊರಗೆ ಹೋಗಲು ಚರಂಡಿ ಸಂಪರ್ಕವೇ ಇಲ್ಲ. ಆ ಮನೆಯಲ್ಲಿ ಹಾಲುಕ್ಕಿಸಿ ಅದೇ ದಿನ ಸಂಸಾರ ಹೂಡುತ್ತೀರಾ? ಹೊಸ ಮರೈನ್ ಟ್ಯಾಂಕ್ ಕೂಡ ಹಾಗೆಯೇ. ನೋಡಲು ಎಲ್ಲವೂ ಸಿದ್ಧ. ಚರಂಡಿಯೊಂದು ಮಾತ್ರ ಇಲ್ಲ. ಆ ಚರಂಡಿಯ ಕೆಲಸ ಮಾಡುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ.

ಮೀನು ತನ್ನ ಕಿವಿರುಗಳ ಮೂಲಕ ಸದಾ ಅಮೋನಿಯಾ ಹೊರಬಿಡುತ್ತಿರುತ್ತದೆ. ಅದು ತಿನ್ನದೆ ಬಿಟ್ಟ ಆಹಾರ ಕೊಳೆತರೂ ಅಮೋನಿಯಾ, ಅದರ ಮಲ ಕೊಳೆತರೂ ಅಮೋನಿಯಾ. ಕಡಲಿನ ಅಗಾಧ ನೀರಿನಲ್ಲಿ ಇದು ಲೆಕ್ಕಕ್ಕೇ ಇಲ್ಲ. ಆದರೆ 100 ಲೀಟರಿನ ಗಾಜಿನ ಪೆಟ್ಟಿಗೆಯಲ್ಲಿ ಮೀನು ತನ್ನದೇ ವಿಷದೊಳಗೆ ಈಜಬೇಕಾಗುತ್ತದೆ. ಈ ವಿಷವನ್ನು ಒಂದು ಬಗೆಯ ಸೂಕ್ಷ್ಮಜೀವಿಗಳು ನೈಟ್ರೈಟ್ ಆಗಿ ಬದಲಿಸುತ್ತವೆ. ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸ ಅಷ್ಟೇ, ಗುಣದಲ್ಲಿ ಬಹಳ ವ್ಯತ್ಯಾಸ. ನೈಟ್ರೇಟ್ ಸ್ವಲ್ಪ ಇದ್ದರೂ ಮೀನು ತಡೆದುಕೊಳ್ಳುತ್ತದೆ. ಅದನ್ನು ನಾವು ಆಗಾಗ ನೀರು ಬದಲಿಸಿ ಹೊರಹಾಕಬಹುದು. ಈ ಕೆಲಸ ಎರಡು ಹಂತದಲ್ಲಿ, ಎರಡು ಬೇರೆ ಬೇರೆ ಜೀವಿಗಳಿಂದ ನಡೆಯುತ್ತದೆ ಎಂದು ರಷ್ಯದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1890ರ ಆಸುಪಾಸಿನಲ್ಲೇ ಮಣ್ಣಿನ ಬ್ಯಾಕ್ಟೀರಿಯಾಗಳನ್ನು ಅಧ್ಯಯನ ಮಾಡಿ ತೋರಿಸಿದ್ದರು. ಅಕ್ವೇರಿಯಂ ಸಾಕುವವರು ‘ಟ್ಯಾಂಕ್ ಸೈಕಲ್ ಆಗಬೇಕು’ ಎನ್ನುವುದು ಇದನ್ನೇ. ಅಮ್ಮ ಹೊಸ ದೋಸೆ ಕಾವಲಿಯನ್ನು ಪಳಗಿಸುತ್ತಾರಲ್ಲ, ಹಾಗೆ ಟ್ಯಾಂಕ್ ಕೂಡ ಪಳಗಬೇಕು.

‘ಬ್ಯಾಕ್ಟೀರಿಯಾ ತಾನೆ, ರಾತ್ರಿ ಹೆಪ್ಪು ಹಾಕಿದರೆ ಬೆಳಗ್ಗೆ ಮೊಸರಾಗುತ್ತೆ, ಇದಕ್ಕೇಕೆ ತಿಂಗಳು?’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅನುಕೂಲವಾದ ವಾತಾವರಣದಲ್ಲಿ ಇ. ಕೊಲಿಯಂಥ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೆ ದುಪ್ಪಟ್ಟಾಗುತ್ತದೆ. ಅಮೋನಿಯಾ ತಿನ್ನುವ ಈ ಜೀವಿಗಳು ಹಾಗಲ್ಲ, ದುಪ್ಪಟ್ಟಾಗಲು ಹಲವು ಗಂಟೆಗಳಿಂದ ಒಂದೆರಡು ದಿನ ತೆಗೆದುಕೊಳ್ಳುತ್ತವೆ. ಮೊದಲ ಬಗೆಯವು ನೈಟ್ರೈಟ್ ತಯಾರಿಸಿಕೊಡುವವರೆಗೆ ಎರಡನೆಯವಕ್ಕೆ ಊಟವೇ ಇಲ್ಲ. ಅದಕ್ಕೇ ಸಾಮಾನ್ಯವಾಗಿ ಮೂರರಿಂದ ಆರು ವಾರ ಹಿಡಿಯುತ್ತದೆ. ಕೆಲವೊಮ್ಮೆ ಕಡಿಮೆ, ಕೆಲವೊಮ್ಮೆ ಹೆಚ್ಚು. ಈ ಏರಿಳಿತದಿಂದಲೇ ಕ್ಯಾಲೆಂಡರನ್ನು ನಂಬಬಾರದು ಎನ್ನುತ್ತೇನೆ.

ಕಣ್ಣು ಮೋಸ ಮಾಡುತ್ತದೆ

ಅಮೋನಿಯಾಕ್ಕೆ ಬಣ್ಣವಿಲ್ಲ. ಅಷ್ಟು ಕಡಿಮೆ ಪ್ರಮಾಣದಲ್ಲಿ ವಾಸನೆಯೂ ಬರುವುದಿಲ್ಲ. ಮೊದಲ ದಿನ ಮರಳಿನ ಧೂಳಿನಿಂದ ಹಾಲಿನಂತೆ ಮಬ್ಬಾಗಿದ್ದ ನೀರು ಎರಡು ದಿನದಲ್ಲಿ ಕನ್ನಡಿಯಂತಾಗುತ್ತದೆ. ಧೂಳು ತಳ ಸೇರಿತು ಎಂಬುದಷ್ಟೇ ಅದರ ಅರ್ಥ. ಆ ತಿಳಿನೀರಿನಲ್ಲಿ ಮೀನಿನ ಕಿವಿರು ಸುಡುವಷ್ಟು ಅಮೋನಿಯಾ ಇರಬಹುದು, ನಮಗೆ ತಿಳಿಯುವುದಿಲ್ಲ.

ಉಪ್ಪುನೀರಿನಲ್ಲಿ ಈ ಅಪಾಯ ಇನ್ನೂ ಹೆಚ್ಚು. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ. ಒಂದು ಅಷ್ಟಾಗಿ ತೊಂದರೆ ಕೊಡದ ರೂಪ, ಇನ್ನೊಂದು ತೀವ್ರ ವಿಷದ ರೂಪ. ನೀರಿನ ಪಿಎಚ್ ಹೆಚ್ಚಾದಷ್ಟೂ ವಿಷದ ರೂಪದ ಪಾಲು ಹೆಚ್ಚು. ಪಿಎಚ್ 7ರಿಂದ 8ಕ್ಕೆ ಏರಿದರೆ ಆ ಪಾಲು ಸುಮಾರು 10 ಪಟ್ಟು ಏರುತ್ತದೆ. ಮರೈನ್ ಟ್ಯಾಂಕಿನ ಪಿಎಚ್ ಇರಬೇಕಾದದ್ದೇ 8.1ರಿಂದ 8.4ರ ನಡುವೆ. ‘ನಮ್ಮನೆ ಗೋಲ್ಡ್‌ಫಿಶ್ ಮೊದಲ ದಿನವೇ ಬಿಟ್ಟರೂ ಬದುಕಿತ್ತು’ ಎಂಬ ವಾದ ಇಲ್ಲಿ ನಡೆಯದಿರುವುದು ಇದರಿಂದಾಗಿಯೇ.

ಇನ್ನೊಂದು ಮೋಸವಿದೆ. ಕೆಲವು ವಾರಗಳಲ್ಲಿ ಮರಳು, ಕಲ್ಲಿನ ಮೇಲೆ ಕಂದು ಬಣ್ಣದ ಪುಡಿಯಂಥ ಪದರ ಕಾಣಿಸುತ್ತದೆ. ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಕೆಲವರು ಗಾಬರಿಯಾಗಿ ಇಡೀ ಟ್ಯಾಂಕ್ ಖಾಲಿ ಮಾಡಿ ಕಲ್ಲನ್ನು ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆಯುತ್ತಾರೆ. ನಲ್ಲಿ ನೀರಿನ ಕ್ಲೋರಿನ್‌ಗೆ ಅಷ್ಟು ದಿನ ಬೆಳೆದ ಬ್ಯಾಕ್ಟೀರಿಯಾ ಸಾಯುತ್ತವೆ, ಕೆಲಸ ಮತ್ತೆ ಒಂದರಿಂದ ಶುರು. ಇನ್ನು ಕೆಲವರು ‘ಪಾಚಿ ಬಂತು, ಟ್ಯಾಂಕ್ ರೆಡಿ’ ಎಂದು ಅದೇ ದಿನ ಮೀನು ತರುತ್ತಾರೆ. ಎರಡೂ ಸರಿಯಲ್ಲ. ಪಾಚಿ ಬಂದರೆ ಟ್ಯಾಂಕ್ ಕೆಟ್ಟಿತು ಎಂದೂ ಅಲ್ಲ, ಸಿದ್ಧವಾಯಿತು ಎಂದೂ ಅಲ್ಲ.

ಹಾಗಾದರೆ ಪರೀಕ್ಷೆ ಹೇಗೆ?

ವಿಧಾನ ಸರಳ. ಆರ್‌ಓ ನೀರಿಗೆ ಮರೈನ್ ಸಾಲ್ಟ್ ಬೆರೆಸಿ. ಅಡುಗೆ ಉಪ್ಪು ಆಗುವುದಿಲ್ಲ, ಕಡಲ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರಲ್ಲಿ ಸಿಗುವುದಿಲ್ಲ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ರಿಫ್ರ್ಯಾಕ್ಟೋಮೀಟರಿನಲ್ಲಿ 1.025ರ ಆಸುಪಾಸು, ತಾಪಮಾನ 25 ಡಿಗ್ರಿ ಸೆಲ್ಸಿಯಸ್ ಹತ್ತಿರ. ಕಲ್ಲು, ಮರಳು ಜೋಡಿಸಿ ಪಂಪ್ ಓಡಿಸಿ. ಈಗ ಬ್ಯಾಕ್ಟೀರಿಯಾಗೆ ಊಟ ಬೇಕು. ಅಮೋನಿಯಂ ಕ್ಲೋರೈಡ್ ಬಳಸುವುದಾದರೆ 100 ಲೀಟರಿಗೆ ಸುಮಾರು 0.6 ಗ್ರಾಂ ಹಾಕಿದರೆ ಅಮೋನಿಯಾ 2 ಪಿಪಿಎಂಗೆ ಬರುತ್ತದೆ. ಅದು ಸಿಗದಿದ್ದರೆ ಮೀನು ಮಾರುಕಟ್ಟೆಯ ಒಂದು ತುಂಡು ಸಿಗಡಿ ಹಾಕಿ ಕೊಳೆಯಲು ಬಿಟ್ಟರೂ ನಡೆಯುತ್ತದೆ. ಲೆಕ್ಕ ಮಾತ್ರ ಅಷ್ಟು ಕರಾರುವಾಕ್ಕಾಗಿರುವುದಿಲ್ಲ.

ನಂತರ ಎರಡು ಮೂರು ದಿನಕ್ಕೊಮ್ಮೆ ಟೆಸ್ಟ್ ಕಿಟ್‌ನಿಂದ ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಮೂರನ್ನೂ ನೋಡಿ, ಹಳೇ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಡಿ. ಮೊದಲು ಅಮೋನಿಯಾ ಏರಿರುತ್ತದೆ. ಅದು ಇಳಿಯುತ್ತಿದ್ದಂತೆ ನೈಟ್ರೈಟ್ ಏರುತ್ತದೆ. ಕೊನೆಗೆ ನೈಟ್ರೈಟೂ ಇಳಿದು ನೈಟ್ರೇಟ್ ಕಾಣಿಸುತ್ತದೆ. ಆಗ ಮತ್ತೊಮ್ಮೆ 2 ಪಿಪಿಎಂಗೆ ಬರುವಷ್ಟು ಅಮೋನಿಯಾ ಹಾಕಿ. 24 ಗಂಟೆಯೊಳಗೆ ಅಮೋನಿಯಾವೂ ಸೊನ್ನೆ, ನೈಟ್ರೈಟೂ ಸೊನ್ನೆ ಆದರೆ ಟ್ಯಾಂಕ್ ಪಳಗಿದೆ ಎಂದರ್ಥ. ಒಂದಿಷ್ಟು ನೀರು ಬದಲಿಸಿ ನೈಟ್ರೇಟ್ ಇಳಿಸಿ. ಈಗ ಮೀನು ತರಬಹುದು.

ಇಲ್ಲೊಂದು ಎಚ್ಚರಿಕೆ. ಮೂರನೇ ದಿನ ಟೆಸ್ಟ್ ಮಾಡಿ ‘ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ’ ಎಂದು ಕುಣಿಯುವವರಿದ್ದಾರೆ. ನೈಟ್ರೇಟ್ ಕೂಡ ಸೊನ್ನೆ ಇದ್ದರೆ ಬಹುತೇಕ ಕೆಲಸ ಇನ್ನೂ ಶುರುವೇ ಆಗಿಲ್ಲ ಎಂದರ್ಥ. ಪರೀಕ್ಷೆಗೇ ಕೂರದವನು ಫೇಲ್ ಆಗಿಲ್ಲ ಎಂದು ಹೇಳಿಕೊಂಡ ಹಾಗೆ ಅದು.

ಎದುರು ವಾದಗಳು

ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾ ಮೋಸವೇ? ಹಾಗೇನಿಲ್ಲ. ಒಳ್ಳೆಯದಾಗಿದ್ದರೆ ಅದು ಕಾಯುವ ದಿನಗಳನ್ನು ಕಡಿಮೆ ಮಾಡುತ್ತದೆ. ಆದರೆ ಆ ಬಾಟಲಿ ಎಷ್ಟು ದಿನ ಬಿಸಿಲಿನ ಗೋದಾಮಿನಲ್ಲಿತ್ತು, ಒಳಗಿರುವುದು ಬದುಕಿದೆಯೋ ಸತ್ತಿದೆಯೋ ಎಂದು ಲೇಬಲ್ ಹೇಳುವುದಿಲ್ಲ, ಟೆಸ್ಟ್ ಹೇಳುತ್ತದೆ. ಬಾಟಲಿ ಬಳಸಿ, ಟೆಸ್ಟ್ ಬಿಡಬೇಡಿ. ಗೆಳೆಯರ ಹಳೇ ಟ್ಯಾಂಕಿನಿಂದ ಒಂದು ಕಲ್ಲು ತಂದು ಹಾಕುವುದು ಇನ್ನೂ ಒಳ್ಳೆಯ ಹೆಪ್ಪು. ಹಳೇ ನೀರು ತಂದರೆ ಮಾತ್ರ ಹೆಚ್ಚಿನ ಪ್ರಯೋಜನವಿಲ್ಲ. ಈ ಬ್ಯಾಕ್ಟೀರಿಯಾ ಹೆಚ್ಚಾಗಿ ಕಲ್ಲು, ಮರಳಿಗೆ ಅಂಟಿಕೊಂಡು ಬದುಕುತ್ತವೆಯೇ ಹೊರತು ನೀರಿನಲ್ಲಿ ತೇಲುತ್ತಿರುವುದಿಲ್ಲ.

‘ಕಡಲ ನೀರಿನಲ್ಲಿ ನೈಟ್ರೈಟ್ ಅಷ್ಟು ವಿಷವಲ್ಲ, ಅದಕ್ಕೇಕೆ ಕಾಯಬೇಕು?’ ಎಂದು ಓದಿಕೊಂಡವರು ಕೇಳುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ. ಉಪ್ಪುನೀರಿನಲ್ಲಿರುವ ಹೇರಳ ಕ್ಲೋರೈಡ್, ನೈಟ್ರೈಟ್ ಕಿವಿರಿನೊಳಗೆ ನುಗ್ಗದಂತೆ ತಡೆಯುತ್ತದೆ. ಸಿಹಿನೀರಿನ ಮೀನಿಗಾಗುವಷ್ಟು ಹಾನಿ ಇಲ್ಲಿ ಆಗುವುದಿಲ್ಲ. ಆದರೂ ನೈಟ್ರೈಟ್ ಸೊನ್ನೆಗೆ ಬರಲಿ ಎಂದು ನಾನು ಹೇಳುವುದು ಎರಡನೇ ತಂಡದ ಬ್ಯಾಕ್ಟೀರಿಯಾವೂ ಕೆಲಸಕ್ಕೆ ಹಾಜರಾಗಿದೆ ಎಂಬುದಕ್ಕೆ ಅದೊಂದೇ ಪುರಾವೆ ಎಂಬ ಕಾರಣಕ್ಕೆ. ಒಂದು ವಾರ ಹೆಚ್ಚು ಕಾದರೆ ನಾವು ಕಳೆದುಕೊಳ್ಳುವುದೇನೂ ಇಲ್ಲ.

ಮೂರನೇ ವಾದ ನನಗೆ ಸಿಟ್ಟು ತರಿಸುವಂಥದ್ದು. ‘ಮೊದಲು ಅಗ್ಗದ ಡ್ಯಾಮ್ಸೆಲ್ ಮೀನು ಬಿಡಿ. ಅದು ಗಟ್ಟಿ, ಬದುಕಿದರೆ ಟ್ಯಾಂಕ್ ರೆಡಿ, ಸತ್ತರೂ ಹೆಚ್ಚು ನಷ್ಟವಿಲ್ಲ.’ ಹಿಂದೆ ಇದೇ ರೂಢಿಯಾಗಿತ್ತು, ಈಗಲೂ ಅನೇಕರು ಇದನ್ನೇ ಹೇಳಿಕೊಡುತ್ತಾರೆ. ಬಾಣಲೆ ಕಾದಿದೆಯೇ ಎಂದು ನೋಡಲು ಯಾರಾದರೂ ಪಕ್ಕದವನ ಕೈ ಹಿಡಿದು ಅದರ ಮೇಲಿಡುತ್ತಾರೆಯೇ? ಮೀನಿಗೆ ಕಿರುಚಲು ಬಾರದು. ಕಿವಿರು ಸುಟ್ಟರೆ ಅದು ನೀರಿನ ಮೇಲ್ಭಾಗಕ್ಕೆ ಬಂದು ಏದುಸಿರು ಬಿಡುತ್ತದೆ, ನಾವು ಅದನ್ನು ‘ಹಾಯ್ ಹೇಳ್ತಿದೆ’ ಎಂದು ವಿಡಿಯೊ ಮಾಡುತ್ತೇವೆ. ಬೆಲೆ ಕಡಿಮೆ ಎಂದರೆ ನೋವೂ ಕಡಿಮೆ ಎಂದಲ್ಲ. ಲಾಭ ನಷ್ಟದ ಲೆಕ್ಕದಲ್ಲೂ ಇದು ದಡ್ಡತನವೇ. ಹೇಗೋ ಬದುಕಿ ಉಳಿದ ಡ್ಯಾಮ್ಸೆಲ್ ಇಡೀ ಟ್ಯಾಂಕ್ ತನ್ನದೆಂದುಕೊಂಡು ಆಮೇಲೆ ಬಂದವರನ್ನೆಲ್ಲ ಕಚ್ಚಿ ಓಡಿಸುತ್ತದೆ. ಕಲ್ಲುಗಳ ಸಂದಿಯಿಂದ ಅದನ್ನು ಹಿಡಿದು ತೆಗೆಯಲು ಇಡೀ ಟ್ಯಾಂಕ್ ಬಿಚ್ಚಬೇಕು.

ಟೆಸ್ಟ್ ಮುಗಿದ ಮೇಲೆ

ಟ್ಯಾಂಕ್ ಸಿದ್ಧ ಎಂದರೆ ಹತ್ತು ಮೀನಿಗೆ ಸಿದ್ಧ ಎಂದಲ್ಲ. ಬ್ಯಾಕ್ಟೀರಿಯಾ ಎಷ್ಟು ಊಟ ಸಿಗುತ್ತದೋ ಅಷ್ಟೇ ಬೆಳೆದಿರುತ್ತವೆ. ಹತ್ತು ಜನರ ಅಡುಗೆ ಮಾಡಿದ ಮನೆಗೆ ಐವತ್ತು ಜನ ಊಟಕ್ಕೆ ಬಂದರೆ ಏನಾಗುತ್ತದೆ? ಒಂದೆರಡು ಮೀನಿನಿಂದ ಶುರು ಮಾಡಿ, ಕೆಲವು ವಾರ ಬಿಟ್ಟು ಮತ್ತೊಂದು. ಸಾಧ್ಯವಾದರೆ ಹೊಸ ಮೀನನ್ನು ಬೇರೆ ಚಿಕ್ಕ ಟ್ಯಾಂಕಿನಲ್ಲಿಟ್ಟು ರೋಗವಿಲ್ಲ ಎಂದು ಖಾತ್ರಿಯಾದ ಮೇಲೆ ಸೇರಿಸಿ. ಆನಿಮೋನ್‌ನಂಥ ಸೂಕ್ಷ್ಮ ಜೀವಿಗಳಿಗೆ ಇನ್ನೂ ಹಲವು ತಿಂಗಳು ಕಾಯಬೇಕು. ಆನಿಮೋನ್ ಇಲ್ಲದೆಯೂ ಕ್ಲೌನ್‌ಫಿಶ್ ಟ್ಯಾಂಕಿನಲ್ಲಿ ಆರಾಮಾಗಿ ಬದುಕುತ್ತದೆ.

ನಮ್ಮ ಊರುಗಳಿಗೆ ಇನ್ನೂ ಮೂರು ಪರೀಕ್ಷೆಗಳನ್ನು ನಾನು ಸೇರಿಸುತ್ತೇನೆ. ಒಂದು, ಕರೆಂಟ್ ಹೋದಾಗ. ಪಂಪ್ ನಿಂತರೆ ಟ್ಯಾಂಕಿನ ಆಮ್ಲಜನಕ ಇಳಿಯತೊಡಗುತ್ತದೆ. ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ಅಥವಾ ಯುಪಿಎಸ್ ವ್ಯವಸ್ಥೆ ಆಗುವವರೆಗೆ ಟ್ಯಾಂಕ್ ಸಿದ್ಧವಲ್ಲ. ಎರಡು, ಬೇಸಿಗೆ. ಡಿಸೆಂಬರಿನಲ್ಲಿ ತಣ್ಣಗಿದ್ದ ಟ್ಯಾಂಕ್ ಏಪ್ರಿಲ್‌ನಲ್ಲಿ ಕಾಯುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿದು ಸಾಂದ್ರವಾಗುತ್ತದೆ. ಆದ್ದರಿಂದ ಕಡಿಮೆಯಾದಷ್ಟು ಆರ್‌ಓ ಸಿಹಿನೀರನ್ನೇ ತುಂಬಬೇಕು, ಉಪ್ಪುನೀರಲ್ಲ. ಕಲಬುರಗಿ, ರಾಯಚೂರಿನವರು ಫ್ಯಾನ್ ಅಥವಾ ಚಿಲ್ಲರ್ ಬಗ್ಗೆ ಮೊದಲೇ ಯೋಚಿಸಬೇಕು. ಮೂರು, ಯುಗಾದಿಗೋ ದೀಪಾವಳಿಗೋ ನೀವು ಊರಿಗೆ ಹೋದಾಗ ಟ್ಯಾಂಕ್ ನೋಡಿಕೊಳ್ಳುವವರು ಯಾರು? ಪಿಜಿಯ ರೂಮ್‌ಮೇಟ್‌ಗೆ ‘ದಿನಾ ಚಿಟಿಕೆ ಆಹಾರ ಮಾತ್ರ’ ಎಂದು ಅರ್ಥವಾಗಿದೆಯೇ? ಈ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ನೀರು ಪಾಸಾದರೂ ಮಾಲೀಕ ಫೇಲ್.

ಒಂದು ಮೀನು ಸತ್ತರೆ ಏನಂತೆ?

ಇಷ್ಟೆಲ್ಲ ರಗಳೆ ಯಾಕೆ, ಸತ್ತರೆ ಇನ್ನೊಂದು ತಂದರಾಯಿತು ಎನ್ನುವವರಿಗೆ ನನ್ನ ಉತ್ತರ ಇದು. ಗಪ್ಪಿ, ಗೋಲ್ಡ್‌ಫಿಶ್ ತೊಟ್ಟಿಯಲ್ಲೇ ಹುಟ್ಟಿ ಬೆಳೆದವು. ಮರೈನ್ ಅಂಗಡಿಯಲ್ಲಿ ಕಾಣುವ ಜಾತಿಗಳಲ್ಲಿ ಬಹುಪಾಲು ಇಂದಿಗೂ ಹವಳದ ದಿಬ್ಬಗಳಿಂದ ಹಿಡಿದು ತಂದವು. ಬಲೆ, ಪ್ಲಾಸ್ಟಿಕ್ ಚೀಲ, ವಿಮಾನ, ಗೋದಾಮು ಎಲ್ಲ ದಾಟಿ ಬದುಕಿ ಬಂದ ಜೀವವನ್ನು ನಾವು ಕೊನೇ ಮೆಟ್ಟಿಲಲ್ಲಿ, ಬರೀ ಕಾಯಲಾರದೆ ಕೊಲ್ಲುತ್ತೇವೆ. ಜೊತೆಗೆ ಅದರ ಜಾಗಕ್ಕೆ ಇನ್ನೊಂದನ್ನು ಕಡಲಿನಿಂದ ತರಿಸುತ್ತೇವೆ. 2003ರ ‘ಫೈಂಡಿಂಗ್ ನೀಮೋ’ ಸಿನಿಮಾದಲ್ಲಿ ಕಡಲಿಂದ ಹಿಡಿದು ತಂದು ದಂತವೈದ್ಯರ ಟ್ಯಾಂಕಿಗೆ ಹಾಕಿದ ಮರಿಗಾಗಿ ಕಣ್ಣೀರಿಟ್ಟವರೇ ಅಂಗಡಿಗೆ ಹೋಗಿ ‘ಅಣ್ಣಾ, ನೀಮೋ ಇದೆಯಾ?’ ಎನ್ನುತ್ತೇವೆ.

ಈ ಆತುರ ಇಂದಿನದಲ್ಲ. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಅಕ್ವೇರಿಯಂ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗಶಾಸ್ತ್ರಜ್ಞರು ‘ದಿ ಅಕ್ವೇರಿಯಂ’ ಪುಸ್ತಕ ಬರೆದರು. ಇಂಗ್ಲೆಂಡಿನ ಮನೆಮನೆಗಳಲ್ಲಿ ಕಡಲ ಜೀವಿಗಳನ್ನು ಸಾಕುವ ಹುಚ್ಚು ಹಬ್ಬಿತು. ಜನ ತೀರಕ್ಕೆ ನುಗ್ಗಿ ಬಂಡೆಯ ಹೊಂಡಗಳನ್ನು ಬರಿದು ಮಾಡಿದರು. ತಂದೆ ಪ್ರೀತಿಸಿದ್ದ ಆ ತೀರ ಹೀಗೆ ಬರಡಾದದ್ದನ್ನು ಅವರ ಮಗ ಎಡ್ಮಂಡ್ ಗಾಸ್ 1907ರ ‘ಫಾದರ್ ಅಂಡ್ ಸನ್’ ಪುಸ್ತಕದಲ್ಲಿ ವಿಷಾದದಿಂದ ನೆನೆದಿದ್ದಾರೆ. ಕಡಲನ್ನು ಪ್ರೀತಿಸುವವರೇ ಕಡಲನ್ನು ಬರಿದು ಮಾಡಿದ ಕಥೆ ಅದು.

ನಮಗೆ ಅವರಿಗಿಂತ ಹೆಚ್ಚು ಗೊತ್ತಿದೆ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹಲವು ಜಾತಿಯ ಕ್ಲೌನ್‌ಫಿಶ್‌ಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ರೂಪಿಸಿದ್ದಾರೆ. ಕೊಳ್ಳುವಾಗ ‘ಇದು ತೊಟ್ಟಿಯಲ್ಲಿ ಹುಟ್ಟಿದ್ದಾ, ಕಡಲಿಂದ ತಂದದ್ದಾ?’ ಎಂದು ಕೇಳಿ. ನಮ್ಮ ಕಡಲ ಹವಳದ ಕಲ್ಲನ್ನು ‘ಲೈವ್ ರಾಕ್’ ಎಂದು ಯಾರಾದರೂ ಕೊಟ್ಟರೆ ಬೇಡ ಎನ್ನಿ. ಗಟ್ಟಿ ಹವಳಗಳು, ಸಮುದ್ರ ಕುದುರೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ, ಅವುಗಳ ವ್ಯಾಪಾರ ಅಪರಾಧ. ಒಣಗಿದ ಡ್ರೈ ರಾಕ್ ಸಾಕು, ಬ್ಯಾಕ್ಟೀರಿಯಾಗೆ ಬೇಕಾದದ್ದು ಸಣ್ಣ ಸಣ್ಣ ರಂಧ್ರಗಳಿರುವ ಮೇಲ್ಮೈ ಅಷ್ಟೇ. ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಸ್ಕೂಬಾ ಮಾಡಿ ಬಂದವರನ್ನು ಕೇಳಿ, ಹವಳದ ನಡುವೆ ಈಜುವ ಮೀನು ಎಷ್ಟು ಚೆಂದ ಎಂದು. ಅವು ಅಲ್ಲೇ ಇರಲಿ.

ಅಂಗಡಿಯವರಿಗೂ ಒಂದು ಮಾತು. ಟ್ಯಾಂಕ್ ಮತ್ತು ಮೀನನ್ನು ಒಂದೇ ದಿನ, ಒಂದೇ ಬಿಲ್ಲಿನಲ್ಲಿ ಮಾರುವುದನ್ನು ನೀವೇ ನಿಲ್ಲಿಸಿ. ‘ನೀರಿನ ಸ್ಯಾಂಪಲ್ ತನ್ನಿ, ಟೆಸ್ಟ್ ಮಾಡಿ ಮೀನು ಕೊಡ್ತೀನಿ’ ಎಂದು ಹೇಳುವ ಅಂಗಡಿಗೆ ಗಿರಾಕಿ ಮತ್ತೆ ಮತ್ತೆ ಬರುತ್ತಾರೆ. ಮೂರು ಸಲ ಮೀನು ಸತ್ತವರು ಟ್ಯಾಂಕನ್ನೇ ಓಎಲ್‌ಎಕ್ಸ್‌ನಲ್ಲಿ ಮಾರಿ ಕೈತೊಳೆದುಕೊಳ್ಳುತ್ತಾರೆ. ಕೊಳ್ಳುವವರೂ ಅಷ್ಟೇ. ಟ್ಯಾಂಕ್, ಲೈಟ್, ಪಂಪ್‌ಗೆ ಸುರಿಯುವ ದುಡ್ಡಿನ ಮುಂದೆ ಟೆಸ್ಟ್ ಕಿಟ್‌ನ ಬೆಲೆ ಏನೇನೂ ಅಲ್ಲ. ಅದನ್ನೇ ಮೊದಲು ಕೊಳ್ಳಿ.

ತಾಳಿದವನು ಬಾಳಿಯಾನು ಎನ್ನುತ್ತಾರೆ. ಇಲ್ಲಿ ತಾಳಬೇಕಾದವರು ನಾವು, ಬಾಳಬೇಕಾದದ್ದು ಮೀನು. ಆ ನಾಲ್ಕೈದು ವಾರ ಬರೀ ಕಲ್ಲು, ನೀರು ನೋಡುತ್ತಾ ಕೂರಲು ಬೇಸರವಾದರೆ ಮುಂದೆ ವರ್ಷಗಟ್ಟಲೆ ಆ ಜೀವವನ್ನು ನೋಡಿಕೊಳ್ಳುವುದು ಹೇಗೆ? ಟ್ಯಾಂಕ್ ಇವತ್ತೇ ತನ್ನಿ, ಬೇಡ ಅನ್ನುವುದಿಲ್ಲ. ಮೀನನ್ನು ಮಾತ್ರ ನೋಟ್‌ಬುಕ್ಕಿನ ಎರಡು ಸೊನ್ನೆ ನೋಡಿದ ಮೇಲೆ ತನ್ನಿ.